ಸೂತ್ರ ಸಾಕೆನ್ನುವವರು

"ಸೂತ್ರ ಗೊತ್ತಿದ್ರೆ ಸಾಕು, ಅದು ಹೇಗೆ ಬಂತು ಅನ್ನೋದು ಪರೀಕ್ಷೆಗೆ ಬರೋದಿಲ್ಲ." ಠಾಣೆಯಿಂದ ಕಲ್ಯಾಣದವರೆಗೆ, ಖಾಡಿಯ ಆಚೆ ವಾಶಿಯಿಂದ ಬೇಲಾಪುರದವರೆಗೆ ಇದಕ್ಕಿಂತ ಸರ್ವಸಮ್ಮತವಾದ ಮಾತು ನನಗೆ ಕೇಳಿಸಿಲ್ಲ. ನೀರಿನ ಟ್ಯಾಂಕರಿಗೂ ಪಾರ್ಕಿಂಗಿಗೂ ಸೊಸೈಟಿ ಮೀಟಿಂಗಿನಲ್ಲಿ ತೋಳೇರಿಸುವವರು, ಲೋಕಲ್ ಗಾಡಿಯ ನಾಲ್ಕನೇ ಸೀಟಿಗೆ ಜಗಳ ತೆಗೆಯುವವರು ಈ ಒಂದು ವಿಷಯಕ್ಕೆ ಬಂದರೆ ಅಣ್ಣತಮ್ಮಂದಿರು. ಶಾಲೆಯ ಮೇಷ್ಟ್ರು ಹೇಳುತ್ತಾರೆ, ಕೋಚಿಂಗ್ ಕ್ಲಾಸಿನ ಸರ್ ಹೇಳುತ್ತಾರೆ, ಪಾಲಕರ ಸಭೆಯಲ್ಲಿ ಅಪ್ಪ ಅಮ್ಮ ತಲೆದೂಗುತ್ತಾರೆ. ಇಷ್ಟು ಜನ ಕೂಡಿ ಒಪ್ಪಿದ ಮಾತು ಸುಳ್ಳಾಗಿರಲು ಸಾಧ್ಯವೇ? ಸಾಧ್ಯ. ಅದೂ ಮಕ್ಕಳಿಗೆ ಕೇಡು ಮಾಡುವಂಥ ಸುಳ್ಳು.

ಇದನ್ನು ತೋರಿಸಲು ದೊಡ್ಡ ಗಣಿತವೇನೂ ಬೇಡ, ಶಂಕುವಿನ ಘನಫಲ ಸಾಕು. ಮಹಾರಾಷ್ಟ್ರದ ಪಠ್ಯಪುಸ್ತಕ ಸಂಸ್ಥೆಯಾದ ಬಾಲಭಾರತಿಯ ಒಂಬತ್ತನೆಯ ತರಗತಿಯ ಗಣಿತ ಭಾಗ ಎರಡರಲ್ಲಿ ಅದು ಕಟ್ಟಕಡೆಯ ಪಾಠ. ಕಟ್ಟಕಡೆಯ ಪಾಠದ ಗತಿ ಏನೆಂದು ಶಾಲೆಯ ಒಳಹೊರಗು ಬಲ್ಲವರಿಗೆ ಹೇಳಬೇಕಾಗಿಲ್ಲ. ಪೋರ್ಷನ್ ಮುಗಿಸುವ ಅವಸರದಲ್ಲಿ ಶಂಕುವೂ ಗೋಲವೂ ಒಂದರ ಬಾಲ ಇನ್ನೊಂದು ಹಿಡಿದು ಬೋರ್ಡಿನ ಮೇಲೆ ಬಂದು ಹೋಗುತ್ತವೆ. ಅಲ್ಲಿಯತನಕ ಮಗು ನಂಬುತ್ತಲೇ ಬಂದಿದೆ. ಪೆಟ್ಟಿಗೆಯ ಘನಫಲವನ್ನು ಉದ್ದ, ಅಗಲ, ಎತ್ತರ ಗುಣಿಸಿ ತೆಗೆಯುವುದು ಏಕೆಂದು ಅದಕ್ಕೆ ಕಣ್ಣಿಗೆ ಕಾಣುತ್ತದೆ. ನಾಣ್ಯಗಳನ್ನು ಒಂದರ ಮೇಲೊಂದು ಜೋಡಿಸಿದರೆ ಸಿಲಿಂಡರಿನದೂ ಕಾಣುತ್ತದೆ: ಪಾದದ ವಿಸ್ತೀರ್ಣ, ಅದರ ಮೇಲೆ ಎತ್ತರ. ಶಂಕುವಿಗೆ ಬಂದಾಗ ಮಾತ್ರ ಆಕಾಶದಿಂದ ಒಂದು ಮೂರು ಬೀಳುತ್ತದೆ. ಮೂರನೇ ಒಂದು, ಪೈ, ತ್ರಿಜ್ಯದ ವರ್ಗ, ಎತ್ತರ. ಬರೆದುಕೊಳ್ಳಿ, ಅಡಿಗೆರೆ ಹಾಕಿ, ಚೌಕದೊಳಗೆ ಇಡಿ. ಮೂರೇ ಏಕೆ? ತ್ರಿಭುಜ ಆಯತದ ಅರ್ಧ ಎಂದು ಹೋದ ವರ್ಷ ನೀವೇ ಹೇಳಿದಿರಲ್ಲ, ಇಲ್ಲೂ ಅರ್ಧ ಏಕಲ್ಲ?

ಈ ಪ್ರಶ್ನೆ ಕೇಳುವ ಹುಡುಗಿಯನ್ನು ನಮ್ಮ ವ್ಯವಸ್ಥೆ ಏನೆಂದು ಕರೆಯುತ್ತದೆ ಗೊತ್ತೇ? "ಟೈಮ್ ಹಾಳು ಮಾಡುವವಳು."

ಅವಳು ಟೈಮ್ ಹಾಳು ಮಾಡುವವಳಾದರೆ ಆರ್ಯಭಟನೂ ಅದೇ ಸಾಲಿನಲ್ಲಿ ಕೂರಬೇಕಾದವನು. ಕ್ರಿ.ಶ. 499ರಲ್ಲಿ, ತನ್ನ 23ನೆಯ ವಯಸ್ಸಿನಲ್ಲಿ 'ಆರ್ಯಭಟೀಯ' ಬರೆದವನು ಅದರ ಗಣಿತಪಾದದಲ್ಲಿ ಮೊನಚು ತುದಿಯ ಘನಾಕೃತಿಯ ಘನಫಲವನ್ನು ಪಾದದ ವಿಸ್ತೀರ್ಣ ಮತ್ತು ಎತ್ತರಗಳ ಗುಣಲಬ್ಧದ ಅರ್ಧ ಎಂದಿದ್ದಾನೆ. ವಿದ್ವಾಂಸರು ಸಾಮಾನ್ಯವಾಗಿ ಆ ಶ್ಲೋಕಕ್ಕೆ ಇದೇ ಅರ್ಥ ಹೇಳುತ್ತಾರೆ. ಅದು ತಪ್ಪು. ಆದರೆ ಎಷ್ಟು ಸಹಜವಾದ ತಪ್ಪು! ತ್ರಿಭುಜಕ್ಕೆ ಅರ್ಧವಾದರೆ ಅದರ ದೊಡ್ಡಣ್ಣನಿಗೂ ಅರ್ಧವೇ ಇರಬೇಕೆಂದು ಊಹಿಸಿದ್ದು ಆ ಕಾಲದ ಅತಿ ಹರಿತವಾದ ಬುದ್ಧಿ. 628ರಲ್ಲಿ ಬ್ರಹ್ಮಗುಪ್ತ ಮೂರನೇ ಒಂದು ಎಂದು ಸರಿಯಾಗಿ ಹೇಳಿದ. ನಡುವೆ ನೂರಿಪ್ಪತ್ತೊಂಬತ್ತು ವರ್ಷ. ಇಷ್ಟು ಕಾಲ ಹಿಡಿದ ಒಂದು ಮೂರನ್ನು ನಮ್ಮ ಮಕ್ಕಳು ನಲವತ್ತು ನಿಮಿಷದ ಪೀರಿಯಡ್ಡಿನ ಮೊದಲ ಐದು ನಿಮಿಷದಲ್ಲಿ ಬಾಯ್ಮುಚ್ಚಿಕೊಂಡು ನುಂಗಬೇಕು, ಉಳಿದ ಮೂವತ್ತೈದು ನಿಮಿಷ ಲೆಕ್ಕ ಮಾಡಬೇಕು.

ಗ್ರೀಕರ ಕಡೆಯ ಕಥೆಯೂ ಇದೇ. ಮೂರನೇ ಒಂದು ಎಂಬುದನ್ನು ಮೊದಲು ಹೇಳಿದವನು ಡೆಮಾಕ್ರಿಟಸ್, ಸಾಧಿಸಿದವನು ಯುಡಾಕ್ಸಸ್. ಆರ್ಕಿಮಿಡೀಸ್ ತನ್ನ 'ವಿಧಾನ' ಗ್ರಂಥದಲ್ಲಿ ಇವರಿಬ್ಬರ ಪಾಲನ್ನೂ ಬೇರೆಬೇರೆಯಾಗಿ ನಮೂದಿಸಿ, ಸಾಧನೆಯಿಲ್ಲದೆ ಹೇಳಿದವನಿಗೂ ಸಲ್ಲಬೇಕಾದ ಗೌರವ ಸಲ್ಲಬೇಕು ಎಂದ. ಹೇಳುವುದು ಬೇರೆ, ತೋರಿಸಿಕೊಡುವುದು ಬೇರೆ ಎಂಬ ಭೇದ ಎರಡು ಸಾವಿರ ವರ್ಷಕ್ಕೂ ಹಿಂದೆ ಅವನಿಗೆ ಗೊತ್ತಿತ್ತು. ಸ್ಮಾರ್ಟ್ ಬೋರ್ಡು ಹಾಕಿಸಿಕೊಂಡ ನಮ್ಮ ಶಾಲೆಗಳಿಗೆ ಗೊತ್ತಿಲ್ಲ.

ಈಗ ಸಮರ್ಥನೆಗಳಿಗೆ ಬರೋಣ. ಮೊದಲನೆಯದು, ಎಲ್ಲಕ್ಕಿಂತ ಗಂಭೀರ ಮುಖದಲ್ಲಿ ಹೇಳುವಂಥದು: "ಅದನ್ನು ಸಾಧಿಸಲು ಕ್ಯಾಲ್ಕುಲಸ್ ಬೇಕು, ಒಂಬತ್ತನೆಯ ಮಕ್ಕಳಿಗೆ ಅದು ಆಗದು." ಹೀಗೆನ್ನುವವರಲ್ಲಿ ಹೆಚ್ಚಿನವರು ತಾವು ಒಮ್ಮೆಯೂ ಪ್ರಯತ್ನಿಸಿದವರಲ್ಲ. ಮನೆಯಲ್ಲಿ ಬಿದ್ದಿರುವ ಹಳೆಯ ಲಗ್ನಪತ್ರಿಕೆಗಳ ರಟ್ಟು ತೆಗೆದುಕೊಳ್ಳಿ. ಎಲ್ಲ ಮುಖಗಳೂ ಚೌಕವಾದ ಒಂದು ಘನವನ್ನು ಮನಸ್ಸಿನಲ್ಲಿಟ್ಟು ಅದರ ಒಂದು ಮೂಲೆಯನ್ನು ಗುರುತಿಸಿ. ಆ ಮೂಲೆಯನ್ನು ಮುಟ್ಟದ ಮುಖಗಳು ಮೂರೇ ಮೂರು. ಆ ಒಂದೊಂದು ಮುಖವನ್ನೂ ಪಾದ ಮಾಡಿಕೊಂಡು, ಗುರುತಿಸಿದ ಮೂಲೆಯನ್ನೇ ತುದಿ ಮಾಡಿಕೊಂಡರೆ ಮೂರು ಪಿರಮಿಡ್ಡುಗಳಾಗುತ್ತವೆ. ಮೂರೂ ತದ್ರೂಪು. ಮೂರನ್ನೂ ಜೋಡಿಸಿದರೆ ಕೂದಲೆಳೆಯ ಸಂದೂ ಉಳಿಯದೆ ಪೂರ್ತಿ ಘನವಾಗುತ್ತದೆ. ಅಂದರೆ ಒಂದೊಂದೂ ಮೂರನೇ ಒಂದು. ಒಂದು ಚೌಕ, ಎರಡು ಬಗೆಯ ಲಂಬಕೋನ ತ್ರಿಭುಜಗಳು ಎರಡೆರಡು, ಅಂಟು, ಕತ್ತರಿ, ಇಷ್ಟರಲ್ಲಿ ಕ್ಯಾಲ್ಕುಲಸ್ ಎಲ್ಲಿದೆ? ಚೀನಾದ ಲಿಯು ಹುಯಿ ಮೂರನೆಯ ಶತಮಾನದಲ್ಲೇ ಇಂಥ ತುಂಡುಗಳನ್ನಿಟ್ಟುಕೊಂಡು ವಾದಿಸಿದ್ದ. ಅವನು ಹನ್ನೆರಡನೆಯ ತರಗತಿ ಪಾಸಾಗಿರಲಿಲ್ಲ.

ಪಿರಮಿಡ್ಡಿನಿಂದ ಶಂಕುವಿಗೆ ಹೋಗುವ ದಾರಿಯೂ ದೂರದ್ದಲ್ಲ. ಕಾಗದದ ಒಂದು ದಸ್ತನ್ನು ನೆಟ್ಟಗೆ ಇಡಿ, ಆಮೇಲೆ ಓರೆಯಾಗಿ ತಳ್ಳಿ. ಆಕಾರ ಬದಲಾಯಿತು, ಕಾಗದ ಅಷ್ಟೇ ಇದೆ. ಹಾಗೆಯೇ ಒಂದೇ ಎತ್ತರದ, ಒಂದೇ ಪಾದವಿಸ್ತೀರ್ಣದ ಪಿರಮಿಡ್ಡನ್ನೂ ಶಂಕುವನ್ನೂ ಪಕ್ಕಪಕ್ಕ ನಿಲ್ಲಿಸಿ, ಒಂದೇ ಮಟ್ಟದಲ್ಲಿ ಎರಡನ್ನೂ ಅಡ್ಡ ಕೊಯ್ದರೆ ಸಿಗುವ ಚೂರುಗಳ ವಿಸ್ತೀರ್ಣ ಒಂದೇ. ತುದಿಯಿಂದ ಅರ್ಧ ದೂರದಲ್ಲಿ ಕೊಯ್ದರೆ ಎರಡರಲ್ಲೂ ಪಾದದ ಕಾಲು ಭಾಗ, ಮೂರನೇ ಒಂದು ದೂರದಲ್ಲಿ ಎರಡರಲ್ಲೂ ಒಂಬತ್ತನೇ ಒಂದು. ಪ್ರತಿ ಮಟ್ಟದಲ್ಲೂ ಚೂರು ಸಮವಾದರೆ ಒಟ್ಟು ಘನಫಲ ಬೇರೆಯಾಗುವುದು ಹೇಗೆ? ಕವಾಲಿಯೇರಿ 1635ರಲ್ಲಿ ಅಚ್ಚು ಹಾಕಿಸಿದ ಗ್ರಂಥದ ತಿರುಳು ಇದು. ಸದೃಶ ತ್ರಿಭುಜ ಬಲ್ಲ ಮಗುವಿಗೆ ಇದು ನಿಲುಕುತ್ತದೆ.

ಸ್ವಲ್ಪ ಓದಿಕೊಂಡ ಎದುರಾಳಿ ಇಲ್ಲಿ ಕೈ ಎತ್ತುತ್ತಾನೆ: "ಚೂರುಗಳ ವಾದದಲ್ಲಿ ಅನಂತದ ಹೆಜ್ಜೆ ಅಡಗಿದೆ, ಅದು ಪೂರ್ಣ ಸಾಧನೆಯಲ್ಲ." ಸರಿ. ಪಿರಮಿಡ್ಡುಗಳ ವಿಷಯದಲ್ಲಿ ಬರೀ ಕತ್ತರಿಸಿ ಜೋಡಿಸುವುದರಿಂದ ಎಲ್ಲ ಕಡೆ ಕೆಲಸವಾಗುವುದಿಲ್ಲ, ಅನಂತದ ಹೆಜ್ಜೆ ತಪ್ಪಿಸಲಾಗದು ಎಂಬುದು ತಿಳಿದದ್ದೇ ತೀರ ಈಚೆಗೆ. ಹಿಲ್ಬರ್ಟ್ 1900ರಲ್ಲಿ ಮುಂದಿಟ್ಟ ಪ್ರಸಿದ್ಧ ಪ್ರಶ್ನೆಗಳಲ್ಲಿ ಮೂರನೆಯದು ಇದೇ. ಅವನ ಶಿಷ್ಯ ಮ್ಯಾಕ್ಸ್ ಡೇನ್ ಅದೇ ವರ್ಷ ಅದನ್ನು ಬಿಡಿಸಿದ. ಹಾಗಿದ್ದರೆ ಇದನ್ನು ಮಕ್ಕಳಿಂದ ಬಚ್ಚಿಡಬೇಕೋ, ಹೇಳಬೇಕೋ? "ಇಲ್ಲಿಯತನಕ ನಾವು ಕತ್ತರಿಯಿಂದ ಬಂದೆವು, ಇಲ್ಲೊಂದು ಹೆಜ್ಜೆಯನ್ನು ನಂಬಿಕೆಯ ಮೇಲೆ ಇಟ್ಟಿದ್ದೇವೆ, ಅದನ್ನು ಮುಂದೆ ನೀವೇ ಗಟ್ಟಿ ಮಾಡಿಕೊಳ್ಳುತ್ತೀರಿ" ಎಂದು ಹೇಳುವ ಮೇಷ್ಟ್ರು ಮಗುವಿಗೆ ಸುಳ್ಳು ಹೇಳಿಲ್ಲ, ಅದನ್ನು ದಡ್ಡ ಎಂದೂ ಎಣಿಸಿಲ್ಲ. ಪೂರ್ಣ ಸಾಧನೆ ಕೊಡಲಾಗದು ಎಂಬ ನೆಪ ಮಾಡಿ ಏನನ್ನೂ ಕೊಡದಿರುವುದು ಯಾವ ನ್ಯಾಯ?

ಎರಡನೆಯ ಸಮರ್ಥನೆ ಇನ್ನೂ ಜಾಣತನದ್ದು: "ನಾವು ಆ್ಯಕ್ಟಿವಿಟಿ ಮಾಡಿಸುತ್ತೇವಲ್ಲ!" ಹೌದು, ಮಾಡಿಸುತ್ತಾರೆ. ಬಾಲಭಾರತಿಯಲ್ಲೂ ಇದೆ, ಎನ್‌ಸಿಇಆರ್‌ಟಿ ಪುಸ್ತಕದಲ್ಲೂ ಇದೆ. ಒಂದೇ ತ್ರಿಜ್ಯ, ಒಂದೇ ಎತ್ತರದ ಶಂಕು ಮತ್ತು ಸಿಲಿಂಡರು ತೆಗೆದುಕೊಂಡು ಶಂಕುವಿನಲ್ಲಿ ಮರಳು ತುಂಬಿ ಮೂರು ಸಲ ಸುರಿಯುವುದು. ಪ್ರಯೋಗ ಒಳ್ಳೆಯದೇ, ನನಗೆ ಅದರ ಮೇಲೆ ಸಿಟ್ಟಿಲ್ಲ. ಉತ್ತರವನ್ನು ಬೋರ್ಡಿನ ಮೇಲೆ ಬರೆದಿಟ್ಟು ಆಮೇಲೆ ಸುರಿಯುವ ನಾಟಕದ ಮೇಲೆ ಸಿಟ್ಟು. ಮೂರನೆಯ ಸಲ ಸುರಿದಾಗ ಸಿಲಿಂಡರಿನಲ್ಲಿ ಒಂದು ಬೆರಳು ಜಾಗ ಉಳಿದರೆ "ಅದು ಪ್ಲಾಸ್ಟಿಕ್ಕಿನ ದೋಷ" ಎನ್ನುತ್ತಾರೆ. ಚೆಲ್ಲಿಹೋದರೆ "ಕೈ ನಡುಗಿತು" ಎನ್ನುತ್ತಾರೆ. ಹಾಗಾದರೆ ಮೂರು ಎಂದು ಗೊತ್ತಾದದ್ದು ಮರಳಿನಿಂದಲೋ, ಪುಸ್ತಕದಿಂದಲೋ? 2.9 ಅಲ್ಲ, 3.1 ಅಲ್ಲ, ಸರಿಯಾಗಿ ಮೂರು ಎಂದು ಯಾವ ಮರಳು ಹೇಳೀತು? ಅಳತೆ ಅನುಮಾನವನ್ನು ಹುಟ್ಟಿಸಬಲ್ಲದು. ಅದನ್ನು ಪರಿಹರಿಸುವುದು ವಾದ. ವಾದವನ್ನು ಕೈಬಿಟ್ಟು ಅಳತೆಯನ್ನೇ ಸಾಧನೆ ಎಂದು ಮಾರುವುದು ಗಣಿತಕ್ಕೂ ಮೋಸ, ವಿಜ್ಞಾನಕ್ಕೂ ಮೋಸ. ಇಷ್ಟಾದರೂ ನಿಜವಾಗಿ ಸುರಿಯುವ ಶಾಲೆಗಳೆಷ್ಟು? ಆಂತರಿಕ ಅಂಕಗಳಿಗಾಗಿ ಗೆಳತಿಯ ಜರ್ನಲ್ಲಿನಿಂದ ನಕಲು ಇಳಿಸುವುದಕ್ಕೂ ನಮ್ಮಲ್ಲಿ 'ಪ್ರಾತ್ಯಕ್ಷಿಕ' ಎಂದೇ ಹೆಸರು.

ಇನ್ನು ಆ ಲೆಕ್ಕಗಳನ್ನು ನೋಡಿ. ತ್ರಿಜ್ಯ 7 ಸೆಂ.ಮೀ., ತ್ರಿಜ್ಯ 14 ಸೆಂ.ಮೀ., ತ್ರಿಜ್ಯ 21, ತ್ರಿಜ್ಯ 3.5, ಧೈರ್ಯ ಬಂದರೆ 10.5. ಪೈಯನ್ನು 22/7 ಎಂದು ಹಿಡಿದು ಏಳನ್ನು ಏಳರಿಂದ ಹೊಡೆದುಹಾಕಲು ಹೂಡಿದ ಹೂಟವಿದು. ನಮ್ಮ ಪ್ರಶ್ನೆಪತ್ರಿಕೆಗಳನ್ನು ನಂಬುವುದಾದರೆ ದೇವರು ಶಂಕುಗಳನ್ನು ಏಳರ ಮಗ್ಗಿಯಲ್ಲೇ ಸೃಷ್ಟಿಸಿದ್ದಾನೆ. ಹತ್ತು ವರ್ಷ ಗಣಿತ ಓದಿದ ಹುಡುಗ ಪೈ ಎಂದರೆ 22/7, ಬೇರೇನಿಲ್ಲ ಎಂದು ನಂಬಿಕೊಂಡೇ ಹೊರಬೀಳುತ್ತಾನೆ. ನಂಬದೆ ಏನು ಮಾಡಿಯಾನು?

ಮೂರನೆಯದು ವ್ಯಾವಹಾರಿಕರ ವಾದ: "ಜೀವನದಲ್ಲಿ ಶಂಕು ಯಾರಿಗೆ ಬೇಕು? ಮಾರ್ಕ್ಸ್ ಬಂದರೆ ಆಯಿತು." ಈ ಮಾತನ್ನು ಠಾಣೆ ಜಿಲ್ಲೆಯಲ್ಲಿ ನಿಂತು ಹೇಳುವುದಕ್ಕೆ ತುಂಬ ಕುರುಡುತನ ಬೇಕು. ಮುಂಬ್ರಾದಲ್ಲಿ ರೇತಿಬಂದರ್ ಇದೆ, ಡೊಂಬಿವಲಿಯಲ್ಲಿ ರೇತಿಬಂದರ್ ಇದೆ, ಕಲ್ಯಾಣದಲ್ಲೂ ಇದೆ. ಖಾಡಿಯಿಂದ ಎತ್ತಿದ ಮರಳನ್ನು ಇಳಿಸಿ ರಾಶಿ ಹಾಕುತ್ತಿದ್ದ ಜಾಗಗಳಿವು, ಹೆಸರೇ ಸಾಕ್ಷಿ. ಈ ಊರುಗಳ ಕಟ್ಟಡಗಳು ಎದ್ದದ್ದೇ ರೇತಿಯ ರಾಶಿಗಳಿಂದ. ಮರಳನ್ನು ಇಲ್ಲಿ ಅಳೆಯುವುದು ಬ್ರಾಸ್ ಲೆಕ್ಕದಲ್ಲಿ, ಒಂದು ಬ್ರಾಸ್ ಎಂದರೆ 100 ಘನ ಅಡಿ. ಸುರಿದ ಮರಳು ತಾನಾಗಿ ನಿಲ್ಲುವ ಆಕಾರ ಯಾವುದು? ಪೆಟ್ಟಿಗೆಯಲ್ಲ, ಸಿಲಿಂಡರಲ್ಲ. ಶಂಕು.

ಭಾಸ್ಕರಾಚಾರ್ಯ 1150ರ ಸುಮಾರಿಗೆ 'ಲೀಲಾವತಿ'ಯಲ್ಲಿ ಇದಕ್ಕಾಗಿ 'ರಾಶಿ ವ್ಯವಹಾರ' ಎಂಬ ಪ್ರಕರಣವನ್ನೇ ಬರೆದ. ಧಾನ್ಯದ ರಾಶಿಯ ಸುತ್ತಳತೆಯನ್ನು ಹಗ್ಗದಿಂದ ಅಳೆ. ದಪ್ಪ ಕಾಳಾದರೆ ಎತ್ತರ ಸುತ್ತಳತೆಯ ಹತ್ತನೇ ಒಂದು, ಸಣ್ಣ ಕಾಳಾದರೆ ಹನ್ನೊಂದನೇ ಒಂದು, ಭತ್ತದಂಥ ಮುಳ್ಳು ಧಾನ್ಯವಾದರೆ ಒಂಬತ್ತನೇ ಒಂದು. ಸುತ್ತಳತೆಯ ಆರನೇ ಒಂದರ ವರ್ಗವನ್ನು ಎತ್ತರದಿಂದ ಗುಣಿಸು, ಘನಫಲ ಬಂತು. ಅವನ ಉದಾಹರಣೆಯಲ್ಲಿ ಸುತ್ತಳತೆ 60 ಹಸ್ತ, ಎತ್ತರ 6, ಘನಫಲ 600 ಘನಹಸ್ತ. ರಾಶಿ ಗೋಡೆಗೆ ಒರಗಿದ್ದರೆ ಏನು ಮಾಡಬೇಕು, ಗೋಡೆಯ ಒಳಮೂಲೆಯಲ್ಲಿದ್ದರೆ ಏನು, ಹೊರಮೂಲೆಯಲ್ಲಿದ್ದರೆ ಏನು ಎಂಬುದನ್ನೂ ಬಿಟ್ಟಿಲ್ಲ. ಒಂಬತ್ತನೆಯ ತರಗತಿಯ ಮಗುವಿಗೆ ಇದಕ್ಕಿಂತ ಒಳ್ಳೆಯ ಪ್ರಶ್ನೆ ಇದೆಯೇ: ಈ ಹಳೆಯ ಲೆಕ್ಕವೂ ನಿಮ್ಮ ಸೂತ್ರವೂ ಒಂದೇ ಎಂದು ತೋರಿಸಿ? ಪೈಯನ್ನು 3 ಎಂದು ಹಿಡಿದರೆ ಸುತ್ತಳತೆಯ ಆರನೇ ಒಂದು ಎಂದರೆ ತ್ರಿಜ್ಯವೇ, ಮೂರನೇ ಒಂದರ ಮೂರು ಆ 3ಕ್ಕೆ ಹೊಡೆದುಹೋಗುತ್ತದೆ. ಭಾಸ್ಕರನಿಗೆ 3 ಸಾಲದೆಂದು ಗೊತ್ತಿರಲಿಲ್ಲವೇ? ಅದೇ ಪುಸ್ತಕದಲ್ಲಿ 22/7ನ್ನೂ, ಇನ್ನೂ ಸೂಕ್ಷ್ಮವಾದ 3927/1250ನ್ನೂ ಕೊಟ್ಟವನು ಅವನು. ಕಣದಲ್ಲಿ ಕಾಳು ಅಳೆಯುವವನಿಗೆ ಎಷ್ಟು ಸೂಕ್ಷ್ಮ ಸಾಕು ಎಂಬ ವಿವೇಕ ಅವನಿಗಿತ್ತು. ಆ ವಿವೇಕವನ್ನೇ ನಾವು ಕಲಿಸುತ್ತಿಲ್ಲ.

ಇದನ್ನೇ ಅಡಿಗೆ ತನ್ನಿ. ಸುತ್ತಳತೆ 60 ಅಡಿ, ಎತ್ತರ 6 ಅಡಿಯ ಮರಳು ರಾಶಿಯಲ್ಲಿ ನಿಜವಾಗಿ ಇರುವುದು ಸುಮಾರು 573 ಘನ ಅಡಿ, ಆರು ಬ್ರಾಸಿಗೆ ತುಸು ಕಡಿಮೆ. ಮೂರನೇ ಒಂದರ ಬದಲು 'ಅರ್ಧ ಇರಬಹುದು' ಎಂದು ಅಂದಾಜಿಸಿದವನು ಎಂಟೂವರೆ ಬ್ರಾಸಿಗೆ ದುಡ್ಡು ಕೊಟ್ಟು ಬರುತ್ತಾನೆ. ಶಂಕು ಯಾರಿಗೆ ಬೇಕು ಎಂದು ಕೇಳುವವರು ಈ ವ್ಯತ್ಯಾಸವನ್ನು ತಮ್ಮ ಜೇಬಿನಿಂದ ತುಂಬಿಕೊಡುತ್ತಾರೆಯೇ?

ಅಂದಹಾಗೆ, ಭಾಸ್ಕರನ ಊರಾದ ವಿಜ್ಜಡವಿಡ ನಮ್ಮ ವಿಜಯಪುರದ ಕಡೆಯದೋ ಖಾನದೇಶದ ಕಡೆಯದೋ ಎಂದು ಕನ್ನಡಿಗರಿಗೂ ಮರಾಠಿಗರಿಗೂ ಹಳೆಯ ತಕರಾರಿದೆ. ಎರಡೂ ಕಡೆಯವರು ಅವನನ್ನು ತಮ್ಮವನೆನ್ನುತ್ತಾರೆ, ಎರಡೂ ಕಡೆಯ ಶಾಲೆಗಳಲ್ಲಿ ಅವನ ರಾಶಿ ಲೆಕ್ಕ ಕಾಣುವುದಿಲ್ಲ. ಗಡಿ ವಿವಾದದಲ್ಲಿ ಇಷ್ಟೊಂದು ಸಾಮರಸ್ಯವನ್ನು ಬೇರೆಲ್ಲೂ ಕಾಣಲಾಗದು.

ಸೂತ್ರ ಬಾಯಿಪಾಠ ಬಂದವನಿಗೆ ಸೂತ್ರದ ಅರ್ಥ ಗೊತ್ತಿಲ್ಲ ಎಂಬುದನ್ನು ಒಂದೇ ಪ್ರಶ್ನೆಯಲ್ಲಿ ಬಯಲು ಮಾಡಬಹುದು. ಪ್ಲಾಟ್‌ಫಾರ್ಮಿನಲ್ಲಿ ಶೇಂಗಾ ಮಾರುವವನು ಕಾಗದ ಸುತ್ತಿ ಕೊಡುವ ಪೊಟ್ಟಣ ಶಂಕುವೇ. ಅದನ್ನು ಅರ್ಧ ಎತ್ತರದವರೆಗೆ ತುಂಬಿದರೆ ಎಷ್ಟು ಶೇಂಗಾ ಸಿಕ್ಕಿತು? ಗಣಿತದಲ್ಲಿ ತೊಂಬತ್ತು ದಾಟಿದ ಮಕ್ಕಳನ್ನು ಕೇಳಿ ನೋಡಿ, "ಅರ್ಧ" ಎನ್ನುವವರೇ ಹೆಚ್ಚು. ಸಿಕ್ಕಿದ್ದು ಎಂಟನೇ ಒಂದು. ಪೊಟ್ಟಣ ಅರ್ಧ ತುಂಬಬೇಕಾದರೆ ಶೇಂಗಾ ಎತ್ತರದ ಸುಮಾರು ಐದನೇ ನಾಲ್ಕರವರೆಗೆ ಬರಬೇಕು. ಶೇಂಗಾದಲ್ಲಿ ಮೋಸಹೋದರೆ ಹೋಗಲಿ. ಡೊಂಬಿವಲಿಯ ಎಂಐಡಿಸಿಯಲ್ಲೋ ತುರ್ಭೆಯಲ್ಲೋ ಶಂಕು ತಳದ ಹಾಪರಿನ ಎದುರು ನಿಂತ ಆಪರೇಟರನ ಗತಿ? ಕೆಳಗಿನ ಶಂಕುವಿನಲ್ಲಿ ಮಟ್ಟ ಅರ್ಧಕ್ಕಿಳಿದಾಗ "ಇನ್ನೂ ಅರ್ಧ ಮಾಲಿದೆ" ಎಂದು ಅವನು ನಂಬಿದರೆ ಏನಾದೀತೆಂದು ಕಾರ್ಖಾನೆಯಲ್ಲಿ ದುಡಿದವರನ್ನು ಕೇಳಿ. ಎತ್ತರ ಅರ್ಧವಾದಾಗ ತ್ರಿಜ್ಯವೂ ಅರ್ಧವಾಗುತ್ತದೆ, ತ್ರಿಜ್ಯದ ವರ್ಗ ಕಾಲಾಗುತ್ತದೆ, ಎಲ್ಲ ಸೇರಿ ಎಂಟನೇ ಒಂದು. ಇಷ್ಟೂ ಆ ಸೂತ್ರದೊಳಗೇ ಇದೆ. ಚೌಕದೊಳಗೆ ಬರೆದಿಟ್ಟ ಸೂತ್ರವನ್ನು ಓದಲು ಯಾರೂ ಕಲಿಸಿಲ್ಲ, ಅಷ್ಟೆ.

ಹೊರೆ ಇಳಿಸುವವರ ಕೊಡುಗೆಯನ್ನೂ ಮರೆಯಬಾರದು. ಎನ್‌ಸಿಇಆರ್‌ಟಿ 2022ರಲ್ಲಿ ಪಠ್ಯ ಹಗುರ ಮಾಡುವಾಗ ಹತ್ತನೆಯ ತರಗತಿಯಿಂದ ಶಂಕುವಿನ ಭಿನ್ನಕವನ್ನು, ಅಂದರೆ ತುದಿ ಕೊಯ್ದ ಶಂಕುವನ್ನು, ತೆಗೆದುಹಾಕಿತು. ಠಾಣೆ, ನವಿ ಮುಂಬೈಗಳ ಸಿಬಿಎಸ್‌ಇ ಶಾಲೆಗಳಿಗೆಲ್ಲ ಇದು ಅನ್ವಯ. ಮಗು ದಿನವೂ ಕೈಯಲ್ಲಿ ಹಿಡಿಯುವ ಬಕೆಟ್ಟು, ಚಹಾದ ಗ್ಲಾಸು ಎರಡೂ ಭಿನ್ನಕಗಳೇ. ಕೈಗೆ ಸಿಗುವ ಆಕಾರ ಹೊರೆಯಾಯಿತು, ಏಳರ ಮಗ್ಗಿಯ ಶಂಕು ಉಳಿಯಿತು. ಬಾಲಭಾರತಿ ಭಿನ್ನಕವನ್ನು ಉಳಿಸಿಕೊಂಡಿದೆ ನಿಜ, ಆದರೆ ಇನ್ನೂ ಉದ್ದದ ಇನ್ನೊಂದು ಸೂತ್ರವಾಗಿ.

ನನ್ನ ಅತಿ ಕಟುವಾದ ಆರೋಪ ಇನ್ನೂ ಬಾಕಿ ಇದೆ. "ಜಾಣ ಮಕ್ಕಳಿಗೆ ಬೇಕಾದರೆ ಹೇಳಿಕೊಡೋಣ, ಇವರಿಗೆಲ್ಲ ಸೂತ್ರ ಸಾಕು" ಎಂಬ ಮಾತಿದೆಯಲ್ಲ, ಆ 'ಇವರು' ಯಾರು? ಕಲಬುರಗಿ, ಯಾದಗಿರಿ, ವಿಜಯಪುರಗಳಿಂದ ಬಂದು ನಾಕಾದಲ್ಲಿ ಬೆಳಿಗ್ಗೆ ಕೂಲಿಗೆ ನಿಲ್ಲುವ ನಮ್ಮ ಜನರ ಮಕ್ಕಳು. ಮಹಾನಗರಪಾಲಿಕೆಯ ಶಾಲೆಗಳಲ್ಲಿ ಮರಾಠಿಯಲ್ಲೋ ಹಿಂದಿಯಲ್ಲೋ ಓದುವವರು. ಅವರ ಅಪ್ಪ ಮರಳಿನ ರಾಶಿಯನ್ನು ಕಣ್ಣಳತೆಯಲ್ಲೇ ಇಷ್ಟು ಬ್ರಾಸ್ ಎನ್ನಬಲ್ಲವನು. ಅವರ ಅಮ್ಮ ಬುಟ್ಟಿಯ ಲೆಕ್ಕದಲ್ಲಿ ಅದನ್ನು ನಾಲ್ಕನೆಯ ಮಹಡಿಗೆ ಹೊತ್ತವಳು. ಶಂಕುವಿನ ಘನಫಲವನ್ನು ಮೈಯಿಂದ ಬಲ್ಲ ಮನೆಯ ಮಗುವಿಗೆ "ನಿನಗೆ ಕಾರಣ ಬೇಡ, ಸೂತ್ರ ಸಾಕು" ಎನ್ನುವುದು ಕರುಣೆಯೇ? ಹಿಂದೆ ಕೆಲವರಿಗೆ ಅಕ್ಷರವೇ ಬೇಡ ಎನ್ನುತ್ತಿದ್ದರು. ಈಗ ಅಕ್ಷರ ಕೊಟ್ಟು ಕಾರಣವನ್ನು ತಡೆಹಿಡಿಯುತ್ತಾರೆ. ಬದಲಾದದ್ದು ಎಷ್ಟು ಎಂದು ಓದುಗರೇ ಅಳೆಯಲಿ.

ಇತ್ತ ಮಧ್ಯಮವರ್ಗದ ನಾವು ಕಾರಣಕ್ಕಾಗಿ ದುಡ್ಡು ಕೊಡುತ್ತಿದ್ದೇವೆಯೇ? ಅದೂ ಇಲ್ಲ. ಡೊಂಬಿವಲಿ ಸ್ಟೇಷನ್ನಿನಿಂದ ಹೊರಬಿದ್ದರೆ ತಲೆಯ ಮೇಲೆ ಹೋದ ವರ್ಷದ ರ‍್ಯಾಂಕ್ ಮಕ್ಕಳ ಮುಖಗಳು, ಕೆಳಗೆ ಕ್ಲಾಸಿನ ಫೋನ್ ನಂಬರು. ಅಲ್ಲಿ ಸಾವಿರಗಟ್ಟಲೆ ಸುರಿದು ಕೊಳ್ಳುವುದು ಲ್ಯಾಮಿನೇಷನ್ ಮಾಡಿದ ಒಂದು ಸೂತ್ರಪಟ್ಟಿ. ಪುಸ್ತಕದ ಹಿಂದೆ ಬಿಟ್ಟಿಯಾಗಿ ಇರುವುದನ್ನೇ ಪ್ಲಾಸ್ಟಿಕ್ಕಿನೊಳಗೆ ಹಾಕಿ ಕೊಡುವುದಕ್ಕೆ ಇಷ್ಟು ಬೆಲೆಯೇ? ಇದು ಹೊಟೇಲಿಗೆ ಹೋಗಿ ಊಟದ ದುಡ್ಡು ಕೊಟ್ಟು ಮೆನು ಕಾರ್ಡನ್ನು ಕಟ್ಟಿಸಿಕೊಂಡು ಬಂದಂತೆ.

ಹೊಟೇಲಿನ ಮಾತು ಬಂದದ್ದರಿಂದ ನಮ್ಮವರಿಗೇ ಒಂದು ಮಾತು. ಮುಂಬೈ ಕನ್ನಡಿಗರ ಚರಿತ್ರೆಯಲ್ಲಿ ಹೆಮ್ಮೆಪಡುವ ಅಧ್ಯಾಯ ಯಾವುದೆಂದು ಕೇಳಿದರೆ ನಾನು ರಾತ್ರಿಶಾಲೆಗಳು ಎನ್ನುತ್ತೇನೆ. ಮೊಗವೀರ ರಾತ್ರಿಶಾಲೆ, ಗುರುನಾರಾಯಣ ರಾತ್ರಿಶಾಲೆ ಇಂಥವು. ಹಗಲೆಲ್ಲ ಟೇಬಲ್ ಒರೆಸಿದ ಹುಡುಗರು ರಾತ್ರಿ ಬೆಂಚಿನ ಮೇಲೆ ಕೂತು ಬೀಜಗಣಿತ ಕಲಿತರು, ಬ್ಯಾಂಕಿಗೆ ಹೋದರು, ವಕೀಲರಾದರು, ತಾವೇ ಹೊಟೇಲಿನ ಮಾಲಕರಾದರು. ಆ ಹಟ ಉಪನಗರಗಳಿಗೂ ಬಂತು. ಡೊಂಬಿವಲಿಯ ಕರ್ನಾಟಕ ಸಂಘ ಮಂಜುನಾಥ ವಿದ್ಯಾಲಯವನ್ನು ಕಟ್ಟಿತು, ಠಾಣೆಯ ನವೋದಯ ಕನ್ನಡ ಸೇವಾ ಸಂಘ ಶಾಲೆ ನಡೆಸಿತು. ಆ ತಲೆಮಾರಿನ ಮೊಮ್ಮಕ್ಕಳಿಗೆ ಇಂದು ನಮ್ಮ ಸಂಘಗಳು ಏನು ಮಾಡುತ್ತಿವೆ? ವರ್ಷಕ್ಕೊಮ್ಮೆ ಪ್ರತಿಭಾ ಪುರಸ್ಕಾರ. ತೊಂಬತ್ತರ ಮೇಲೆ ಬಂದವರಿಗೆ ಶಾಲು, ಹಾರ, ಒಂದು ಲಕೋಟೆ, ಅಧ್ಯಕ್ಷರ ಜತೆ ಫೋಟೋ. ಆ ಮಕ್ಕಳಲ್ಲಿ ಒಬ್ಬರನ್ನಾದರೂ ವೇದಿಕೆಯ ಮೇಲೆ "ಮೂರನೇ ಒಂದು ಏಕೆ, ಮಗಳೇ?" ಎಂದು ಯಾರಾದರೂ ಕೇಳಿದ್ದಾರೆಯೇ? ಕೇಳಿದರೆ ಕಾರ್ಯಕ್ರಮ ಕೆಟ್ಟೀತು ಎಂಬ ಭಯ. ಇದೇ ವೇದಿಕೆಗಳಲ್ಲಿ "ಜಗತ್ತಿಗೆ ಸೊನ್ನೆ ಕೊಟ್ಟವರು ನಾವು" ಎಂಬ ಭಾಷಣ ಮಾತ್ರ ತಪ್ಪುವುದಿಲ್ಲ. ಒಂಬತ್ತನೆಯ ಶತಮಾನದಲ್ಲಿ ನೃಪತುಂಗನ ಕಾಲದಲ್ಲಿ 'ಗಣಿತಸಾರಸಂಗ್ರಹ' ಬರೆದ ಮಹಾವೀರನ ಹೆಸರನ್ನೂ, ಹನ್ನೆರಡನೆಯ ಶತಮಾನದಲ್ಲಿ ಕನ್ನಡದಲ್ಲೇ 'ವ್ಯವಹಾರಗಣಿತ' ರಚಿಸಿದ ರಾಜಾದಿತ್ಯನ ಹೆಸರನ್ನೂ ಹೇಳಿ ಚಪ್ಪಾಳೆ ಗಿಟ್ಟಿಸಿಕೊಳ್ಳುತ್ತಾರೆ. ಅವರು ಗಣಿತ ಬರೆದದ್ದು ಚಪ್ಪಾಳೆಗಲ್ಲ, ಲೆಕ್ಕ ಮಾಡಿ ನೋಡಲಿಕ್ಕೆ.

ಇದೆಲ್ಲ ಹೊಸ ಮಾತೂ ಅಲ್ಲ. 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟಿಗಾಗಿ ಆರ್. ರಾಮಾನುಜಂ ಅಧ್ಯಕ್ಷತೆಯಲ್ಲಿ ತಯಾರಾದ ಗಣಿತ ಬೋಧನೆಯ ನಿಲುವುಪತ್ರ ಇದನ್ನೇ ಹೇಳಿತು: ಗಣಿತ ಕಲಿಸುವುದರ ಮುಖ್ಯ ಗುರಿ ಮಗುವಿನ ಯೋಚನೆಯನ್ನು ಗಣಿತಮಯವಾಗಿಸುವುದು, ವಿಧಾನಗಳನ್ನು ತುಂಬುವುದಲ್ಲ. ಗಣಿತ, ವಿಜ್ಞಾನಗಳನ್ನು ಹೇಗೆ ಕಲಿಸಬೇಕೆಂದು ಯೋಚಿಸಲೆಂದೇ ಇರುವ ಹೋಮಿ ಭಾಭಾ ವಿಜ್ಞಾನ ಶಿಕ್ಷಣ ಕೇಂದ್ರ ಮಾನಖುರ್ದಿನಲ್ಲಿದೆ, ವಾಶಿಯಿಂದ ಖಾಡಿ ದಾಟಿದರೆ ಮುಂದಿನ ಸ್ಟೇಷನ್ನು. ಅಷ್ಟು ಹತ್ತಿರದ ಮಾತು ಸೇತುವೆ ದಾಟಿ ಇತ್ತ ಬರಲು ಇನ್ನೆಷ್ಟು ವರ್ಷ ಬೇಕು?

ಮೇಷ್ಟರನ್ನು ಬೈದು ಕೈತೊಳೆದುಕೊಳ್ಳುವುದು ಸುಲಭ, ನಾನು ಅದನ್ನು ಮಾಡುವುದಿಲ್ಲ. ಚುನಾವಣೆಗೆ ಅವರೇ ಬೇಕು, ಜನಗಣತಿಗೆ ಅವರೇ ಬೇಕು, ಅರವತ್ತು ಮಕ್ಕಳ ತರಗತಿಯಲ್ಲಿ ಪೋರ್ಷನ್ನೂ ಮುಗಿಯಬೇಕು. ಅವರ ಕೈ ಕಟ್ಟಿರುವುದು ಪ್ರಶ್ನೆಪತ್ರಿಕೆ. ಆದ್ದರಿಂದ ಮೊದಲ ಬೇಡಿಕೆ ಮಹಾರಾಷ್ಟ್ರ ಮಂಡಳಿಗೆ: ಹತ್ತನೆಯ ತರಗತಿಯ ಗಣಿತ ಭಾಗ ಎರಡರ 40 ಅಂಕಗಳಲ್ಲಿ ನಾಲ್ಕನ್ನು 'ಏಕೆ' ಎಂಬ ಪ್ರಶ್ನೆಗೆ ಮೀಸಲಿಡಿ. ಸೂತ್ರಗಳನ್ನೆಲ್ಲ ಪತ್ರಿಕೆಯ ಮೊದಲ ಪುಟದಲ್ಲೇ ಅಚ್ಚು ಹಾಕಿಬಿಡಿ, ಬಾಯಿಪಾಠಕ್ಕೆ ಬೆಲೆಯೇ ಇಲ್ಲದಂತಾಗಲಿ. ತ್ರಿಜ್ಯವನ್ನು ಏಳರ ಸೆರೆಯಿಂದ ಬಿಡಿಸಿ, ಉತ್ತರವನ್ನು ಪೈಯಲ್ಲೇ ಬಿಡಲು ಹೇಳಿ. ಬಾಲಭಾರತಿ ಎಂಟು ಭಾಷೆಗಳಲ್ಲಿ ಪುಸ್ತಕ ಹೊರಡಿಸುತ್ತದೆ, ಅವುಗಳಲ್ಲಿ ಕನ್ನಡವೂ ಒಂದು. ಮೂರು ಪಿರಮಿಡ್ಡಿನ ಒಂದು ಪುಟ ಸೇರಿಸಿದರೆ ಎಂಟು ಭಾಷೆಯ ಮಕ್ಕಳಿಗೂ ಒಂದೇ ಸಲ ತಲುಪುತ್ತದೆ. ಕಟ್ಟಕಡೆಯ ಪಾಠವನ್ನು ನಡುವಿಗೆ ತನ್ನಿ.

ಎರಡನೆಯದು ನಮ್ಮ ಸಂಘಗಳಿಗೆ. ಈ ವರ್ಷದ ಪುರಸ್ಕಾರದ ಶಾಲಿನ ದುಡ್ಡಿನಲ್ಲಿ ರಟ್ಟು, ಕತ್ತರಿ, ಅಂಟು ತನ್ನಿ. ಒಂದು ಭಾನುವಾರ ಸಭಾಗೃಹವನ್ನು ಮಕ್ಕಳಿಗೆ ಬಿಟ್ಟುಕೊಡಿ, ನಾಕಾದ ಮಕ್ಕಳನ್ನೂ ಕರೆಯಿರಿ, ಅವರ ಅಪ್ಪಂದಿರನ್ನೂ ಕರೆಯಿರಿ. ಅಂಗಳದಲ್ಲಿ ಅರ್ಧ ಬ್ರಾಸ್ ಮರಳು ಸುರಿಸಿ, ಹಗ್ಗ ಕೊಟ್ಟು ಅಳೆಯಲು ಹೇಳಿ. ಕಣ್ಣಳತೆ ಗೆಲ್ಲುತ್ತದೋ ಸೂತ್ರ ಗೆಲ್ಲುತ್ತದೋ ನೋಡೋಣ.

ಮೂರನೆಯದು ಅಪ್ಪ ಅಮ್ಮಂದಿರಿಗೆ. ಜೂನಿನಲ್ಲಿ ಕ್ಲಾಸಿನ ಫೀ ಕಟ್ಟುವ ಮುನ್ನ ಅಲ್ಲಿನ ಸರ್‌ಗೆ ಒಂದೇ ಪ್ರಶ್ನೆ ಕೇಳಿ: ಶಂಕುವಿನ ಘನಫಲದಲ್ಲಿ ಆ ಮೂರು ಎಲ್ಲಿಂದ ಬಂತು, ನನ್ನ ಮಗುವಿಗೆ ಹೇಗೆ ತೋರಿಸುತ್ತೀರಿ? "ಅದು ಪರೀಕ್ಷೆಗೆ ಬರಲ್ಲ" ಎಂದರೆ ಚೆಕ್ಕನ್ನು ಜೇಬಿಗೆ ಹಾಕಿಕೊಂಡು ಎದ್ದು ಬನ್ನಿ.